ಕಲ್ಲಚ್ಚಿನ ಕೈಗಳು

ಕಲ್ಲಿನ ಮೇಲೆ ಬರೆದದ್ದು ಅಳಿಯದು, ನೀರಿನ ಮೇಲೆ ಬರೆದದ್ದು ನಿಲ್ಲದು ಎಂದು ಹಿರಿಯರು ಹೇಳುವುದುಂಟು. ಶಿಲಾಶಾಸನಗಳ ನಾಡಿನಿಂದ ಬಂದ ನಮಗೆ ಈ ಮಾತು ಸಹಜವಾಗಿಯೇ ಒಪ್ಪಿಗೆಯಾಗುತ್ತದೆ. ಆದರೆ ಕನ್ನಡದ ಮೊಟ್ಟಮೊದಲ ವೃತ್ತಪತ್ರಿಕೆಯನ್ನು ಕಲ್ಲಿನ ಮೇಲಿನಿಂದಲೇ ಅಚ್ಚು ಹಾಕಿದರು. ಅಂಥ ಅಕ್ಷರವನ್ನು ಮಾತ್ರ ಅಚ್ಚಿನ ಕೆಲಸ ಮುಗಿದೊಡನೆ ಮರಳು ಹಾಕಿ ಉಜ್ಜಿ ಅಳಿಸುವುದು ವಾಡಿಕೆಯಾಗಿತ್ತು ಎಂದರೆ ವಾಚಕರಲ್ಲಿ ಕೆಲವರಿಗೆ ಆಶ್ಚರ್ಯವಾದೀತು. ಆ ಕಲ್ಲಚ್ಚಿನ ಯಂತ್ರ ಮಂಗಳೂರಿಗೆ ಹೋದದ್ದು, ನಾವು ದಿನವೂ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಹೋಗಿಬರುವ ಈ ಮುಂಬಯಿಯಿಂದಲೇ ಎಂದರೆ ಇನ್ನಷ್ಟು ಆಶ್ಚರ್ಯವಾದೀತು. ಕಳೆದ ಸಂಚಿಕೆಯಲ್ಲಿ ಹಳೆಯ ನಾಣ್ಯಗಳ ವಿಚಾರವನ್ನು ಬರೆದಿದ್ದೆ. ಈ ಸಲ ಆ ಕಲ್ಲಿನ ಕಥೆಯನ್ನೂ, ಅದನ್ನು ಮುಂಬಯಿಯಲ್ಲಿ ಪಳಗಿಸಿದ ಗಣಪತ ಕೃಷ್ಣಾಜಿ ಎಂಬ ಕುಶಲಕರ್ಮಿಯ ಕಥೆಯನ್ನೂ ಹೇಳಬೇಕೆಂದಿದ್ದೇನೆ.

ಮೊದಲು ಕಲ್ಲಚ್ಚು ಎಂದರೇನೆಂಬುದನ್ನು ನೋಡೋಣ. ಇದನ್ನು ಕಂಡುಹಿಡಿದವನು ಜರ್ಮನಿಯ ಮ್ಯೂನಿಕ್ ಪಟ್ಟಣದ ಅಲೋಯಿಸ್ ಸೆನೆಫೆಲ್ಡರ್. ಈತ ನಾಟಕ ಬರೆಯುವವನು. ಬರೆದ ನಾಟಕವನ್ನು ಅಚ್ಚು ಹಾಕಿಸಲು ಕೈಯಲ್ಲಿ ಹಣವಿಲ್ಲ. ಆದ್ದರಿಂದ ತಾನೇ ಅಚ್ಚು ಹಾಕುವ ಅಗ್ಗದ ಉಪಾಯವನ್ನು ಹುಡುಕುತ್ತಿದ್ದ. ೧೭೯೬ರಲ್ಲಿ ಒಂದು ದಿನ ಅವನ ತಾಯಿ ಅಗಸಗಿತ್ತಿಗೆ ಹಾಕುವ ಬಟ್ಟೆಗಳ ಪಟ್ಟಿಯನ್ನು ಬರೆದುಕೋ ಎಂದಳಂತೆ. ಹತ್ತಿರದಲ್ಲಿ ಕಾಗದದ ಚೂರೂ ಇರಲಿಲ್ಲ. ಪ್ರಯೋಗಕ್ಕೆಂದು ನುಣುಪು ಮಾಡಿಟ್ಟಿದ್ದ ಕಲ್ಲೊಂದಿತ್ತು. ಮೇಣ, ಸಾಬೂನು, ದೀಪದ ಕಾಡಿಗೆ ಕಲಸಿದ ಮಸಿಯಿಂದ ಅದರ ಮೇಲೆಯೇ ಬರೆದ. ಅಲ್ಲಿಂದ ಹುಟ್ಟಿದ ಯೋಚನೆ ಎರಡು ವರ್ಷಗಳಲ್ಲಿ ಒಂದು ಹೊಸ ವಿದ್ಯೆಯಾಯಿತು. ಅಗಸರ ಪಟ್ಟಿಯಿಂದ ಲೋಕಕ್ಕೆ ಉಪಕಾರವಾದ ಪ್ರಸಂಗ ಬಹುಶಃ ಇದೊಂದೇ ಇರಬೇಕು.

ವಿದ್ಯೆಯ ಗುಟ್ಟು ಸರಳ. ನಮ್ಮಲ್ಲಿ ಇಬ್ಬರಿಗೆ ಆಗಿಬರದಿದ್ದರೆ ಎಣ್ಣೆ ಸೀಗೆಕಾಯಿ ಎನ್ನುತ್ತೇವೆ. ಕಲ್ಲಚ್ಚೆಲ್ಲ ನಿಂತಿರುವುದು ಎಣ್ಣೆಗೂ ನೀರಿಗೂ ಇರುವ ಅಂಥದೇ ವೈರದ ಮೇಲೆ. ಬವೇರಿಯದ ಸೋಲ್ನ್‌ಹೋಫೆನ್ ಎಂಬಲ್ಲಿ ಸಿಕ್ಕುವ ಒಂದು ಬಗೆಯ ಸುಣ್ಣಕಲ್ಲನ್ನು ದಪ್ಪ ಹಲಗೆಯಾಗಿ ಕತ್ತರಿಸಿ, ನುಣ್ಣಗೆ ಉಜ್ಜಿ, ಅದರ ಮೇಲೆ ಜಿಡ್ಡಿನ ಮಸಿಯಿಂದ ಬರೆಯಬೇಕು. ಆಮೇಲೆ ಗೋಂದು ಮತ್ತು ತೆಳು ಆಮ್ಲ ಸವರಿದರೆ ಬರೆದ ಕಡೆ ಜಿಡ್ಡು ಕಲ್ಲಿಗೆ ಕಚ್ಚಿಕೊಳ್ಳುತ್ತದೆ. ಬರೆಯದ ಕಡೆ ಕಲ್ಲು ನೀರನ್ನು ಹೀರಿಕೊಳ್ಳುತ್ತದೆ. ಒದ್ದೆ ಬಟ್ಟೆಯಿಂದ ಒರಸಿ ಮಸಿಯ ಉರುಳೆಯನ್ನು ಉರುಳಿಸಿದರೆ ಮಸಿ ಅಕ್ಷರದ ಮೇಲಷ್ಟೇ ಹತ್ತುತ್ತದೆ, ಉಳಿದೆಡೆ ನೀರು ಅದನ್ನು ದೂರವಿಡುತ್ತದೆ. ಮೇಲೆ ಕಾಗದವಿಟ್ಟು ಬಲವಾಗಿ ಒತ್ತಿದರೆ ಪುಟ ಸಿದ್ಧ. ಕಲ್ಲಿನ ಮೇಲೆ ನೇರವಾಗಿ ಬರೆಯುವವನು ಕನ್ನಡಿಯೊಳಗೆ ಕಾಣುವಂತೆ ತಿರುಗುಮುರುಗಾಗಿ ಬರೆಯಬೇಕು. ಇಲ್ಲವೇ ಲೇಪ ಹಾಕಿದ ಕಾಗದದ ಮೇಲೆ ಸರಿಯಾಗಿಯೇ ಬರೆದು ಅದನ್ನು ಕಲ್ಲಿಗೆ ಇಳಿಸಬೇಕು. ಬೇಕಾದಷ್ಟು ಪ್ರತಿ ತೆಗೆದಾದ ಮೇಲೆ ಕಲ್ಲನ್ನು ಉಜ್ಜಿ ಮುಂದಿನ ಪುಟಕ್ಕೆ ಅಣಿಮಾಡುತ್ತಿದ್ದರು. ಮರಾಠಿಯವರು ಇದನ್ನು ಶಿಳಾಪ್ರೆಸ್ ಎಂದರು. ನಾವು ಕಲ್ಲಚ್ಚು ಎಂದೆವು.

ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಚಿತ್ರಗಳನ್ನು ಮರದಲ್ಲಿ ಕೊರೆಯುತ್ತಿದ್ದರು. ನ್ಯೂಕಾಸಲ್ ಊರಿನ ತಾಮಸ್ ಬ್ಯೂಯಿಕ್ ಎಂಬಾತ ಬಾಕ್ಸ್‌ವುಡ್ ಎಂಬ ಗಟ್ಟಿ ಮರದ ಅಡ್ಡಕೊಯ್ತದ ತುಂಡುಗಳ ಮೇಲೆ ಚೂಪಾದ ಉಳಿಯಿಂದ ಹಕ್ಕಿಗಳನ್ನೂ ಮೃಗಗಳನ್ನೂ ಕೂದಲೆಳೆಯಷ್ಟು ಸೂಕ್ಷ್ಮವಾಗಿ ಕೊರೆದ. ಅವನ ಹಕ್ಕಿಗಳ ಪುಸ್ತಕದ ಮೊದಲ ಸಂಪುಟ ಹೊರಬಂದದ್ದು ೧೭೯೭ರಲ್ಲಿ. ಮರದ ಅಚ್ಚನ್ನು ಸೀಸದ ಮೊಳೆಗಳ ಜೊತೆಯಲ್ಲೇ ಕೂರಿಸಿ ಒಂದೇ ಸಲಕ್ಕೆ ಮುದ್ರಿಸಬಹುದಾದ್ದರಿಂದ, ೧೮೪೨ರಲ್ಲಿ ಲಂಡನ್ನಿನಲ್ಲಿ ಸಚಿತ್ರ ವಾರಪತ್ರಿಕೆ ಹುಟ್ಟಿದಾಗ ಈ ಕಸುಬಿಗೆ ಸುಗ್ಗಿಯೋ ಸುಗ್ಗಿ. ಚಿತ್ರ ದೊಡ್ಡದಾದರೆ ಸಣ್ಣಸಣ್ಣ ಮರದ ತುಂಡುಗಳನ್ನು ಬಿಗಿದು ಒಂದು ಹಲಗೆ ಮಾಡುತ್ತಿದ್ದರು. ಚಿತ್ರ ಬರೆದಾದ ಮೇಲೆ ತುಂಡುಗಳನ್ನು ಬಿಚ್ಚಿ ಹಲವು ಕೆಲಸಗಾರರಿಗೆ ಹಂಚಿ, ರಾತ್ರಿಯೆಲ್ಲ ಕೊರೆಸಿ, ಬೆಳಗಾಗುವಷ್ಟರಲ್ಲಿ ಮತ್ತೆ ಜೋಡಿಸುತ್ತಿದ್ದರು. ಒಬ್ಬ ಆಕಾಶ ಕೊರೆದ, ಇನ್ನೊಬ್ಬ ಕುದುರೆಯ ಕಾಲು ಕೊರೆದ. ಬ್ಯೂಯಿಕನ ಹೆಸರು ಉಳಿಯಿತು; ಕುದುರೆಯ ಕಾಲಿನವನ ಹೆಸರನ್ನು ಯಾರೂ ಕೇಳಲಿಲ್ಲ.

ಇನ್ನು ನಮ್ಮ ಮುಂಬಯಿಗೆ ಬರೋಣ. ಇಲ್ಲಿ ಅಮೆರಿಕದ ಮಿಷನರಿಗಳು ಬಂದದ್ದು ೧೮೧೩ರಲ್ಲಿ. ಕೆಲವೇ ವರ್ಷಗಳಲ್ಲಿ ಅವರು ಒಂದು ಅಚ್ಚುಕೂಟವನ್ನು ತೆರೆದು ಮರಾಠಿಯಲ್ಲಿ ತಮ್ಮ ಧರ್ಮದ ಪುಸ್ತಕಗಳನ್ನು ಮುದ್ರಿಸತೊಡಗಿದರು. ಭಂಡಾರಿ ಸಮಾಜಕ್ಕೆ ಸೇರಿದ ಗಣಪತ ಕೃಷ್ಣಾಜಿ ಅಚ್ಚಿನ ಕೆಲಸದ ರುಚಿ ಹಿಡಿದದ್ದು ಅಲ್ಲಿ. ಮಿಷನರಿಗಳು ತಮ್ಮ ಗ್ರಂಥಗಳನ್ನು ಇಷ್ಟು ಚೆನ್ನಾಗಿ ಮುದ್ರಿಸುತ್ತಾರಾದರೆ ನಮ್ಮ ಗ್ರಂಥಗಳನ್ನು ನಾವೇಕೆ ಮುದ್ರಿಸಬಾರದು ಎಂಬ ಹಂಬಲ ಅವನನ್ನು ಹಿಡಿಯಿತು. ಹಂಬಲಕ್ಕೆ ಬೇಕಾದ ಬಂಡವಾಳವಿಲ್ಲ. ಕಲಿಸುವ ಗುರುವೂ ಇಲ್ಲ. ಅವನು ಮಾಡಿದ್ದೇನೆಂದರೆ, ಕಣ್ಣಿನಿಂದ ನೋಡಿ ಕೈಯಿಂದ ಕಲಿತದ್ದು. ಒತ್ತುವ ಯಂತ್ರವನ್ನು ಮರದಲ್ಲಿ ತಾನೇ ಮಾಡಿಕೊಂಡ. ಸಣ್ಣಪುಟ್ಟ ಕಲ್ಲುಗಳನ್ನು ಕೂಡಿಹಾಕಿ ಉಜ್ಜಿ ಬರೆದು ಪರೀಕ್ಷಿಸಿದ. ಮಸಿಯನ್ನೂ ತಾನೇ ಕಲಸಿ ಕಲಸಿ ಹದ ಕಂಡುಕೊಂಡ. ಕೈ ಪಳಗಿದ ಮೇಲೆ ಕಬ್ಬಿಣದ ಯಂತ್ರವನ್ನು ಕೊಂಡ. ಈ ವಿವರಗಳೆಲ್ಲ ನಮಗೆ ತಿಳಿಯುವುದು ಗೋವಿಂದ ನಾರಾಯಣ ಮಾಡಗಾಂವಕರರು ೧೮೬೩ರಲ್ಲಿ ಪ್ರಕಟಿಸಿದ ‘ಮುಂಬಯೀಚೆ ವರ್ಣನ’ ಎಂಬ ಮರಾಠಿ ಗ್ರಂಥದಿಂದ. ದೊಡ್ಡ ಸಾಹೇಬರ ಚರಿತ್ರೆಯ ಜೊತೆಗೆ ಒಬ್ಬ ಅಚ್ಚಿನವನ ಪಾಡನ್ನೂ ಬರೆದಿಟ್ಟ ಆ ಲೇಖಕರಿಗೆ ನಾವು ಕೃತಜ್ಞರಾಗಿರಬೇಕು.

೧೮೩೧ರಲ್ಲಿ ಗಣಪತ ಕೃಷ್ಣಾಜಿ ಕಲ್ಲಚ್ಚಿನಲ್ಲಿ ಮರಾಠಿ ಪಂಚಾಂಗವನ್ನು ಮುದ್ರಿಸಿದ. ಬೆಲೆ ಎಂಟಾಣೆ. ಅಲ್ಲಿಯವರೆಗೆ ಪಂಚಾಂಗವೆಂದರೆ ಜೋಯಿಸರು ಕೈಯಲ್ಲಿ ಬರೆದದ್ದು. ಒಂದೊಂದು ಪ್ರತಿಗೂ ಒಂದೊಂದು ಸಲ ಕೂತು ಬರೆಯಬೇಕು. ಈಗ ಒಂದು ಸಲ ಬರೆದರೆ ನೂರಾರು ಮನೆಗೆ ತಿಥಿ ವಾರ ನಕ್ಷತ್ರ ತಲುಪುವಂತಾಯಿತು. ಇಂದು ನಮ್ಮ ಮನೆಗಳಲ್ಲಿ ಗೋಡೆಯ ಕ್ಯಾಲೆಂಡರಿನ ಹಿಂಬದಿಯನ್ನು ತಿರುಗಿಸಿ ಏಕಾದಶಿ ಎಂದು ಎಂದು ನೋಡುವ ಗೃಹಿಣಿಯರು ಒಂದು ಸಲ ಈ ಮನುಷ್ಯನನ್ನು ನೆನೆದರೆ ತಪ್ಪಿಲ್ಲ.

ಆದರೆ ಪಂಚಾಂಗ ಹೊರಬಂದ ಕೂಡಲೇ ಎಲ್ಲರೂ ಕೈಮುಗಿದು ಕೊಂಡರೆಂದು ತಿಳಿಯಬಾರದು. ಅಚ್ಚಿನ ಮಸಿಯಲ್ಲಿ ಪ್ರಾಣಿಯ ಕೊಬ್ಬು ಇರುತ್ತದೆಂದು ಮಡಿವಂತರು ಮುದ್ರಿತ ಕಾಗದವನ್ನು ಮುಟ್ಟಲು ಹಿಂಜರಿಯುತ್ತಿದ್ದ ಕಾಲವದು. ಕಲ್ಲಚ್ಚಿಗೆ ಜಿಡ್ಡು ಬೇಕೇ ಬೇಕು ಎಂಬುದನ್ನು ಮೇಲೆ ಹೇಳಿದೆನಷ್ಟೆ. ಜಿಡ್ಡಿಲ್ಲದ ಮಸಿ ಕಲ್ಲಿಗೆ ಹತ್ತುವುದಿಲ್ಲ, ಜಿಡ್ಡಿನ ಮಸಿ ಮಡಿಗೆ ಬರುವುದಿಲ್ಲ. ಗಣಪತ ಕೃಷ್ಣಾಜಿ ಇದಕ್ಕೆ ಕಂಡುಕೊಂಡ ಉಪಾಯ ತುಪ್ಪದ ಮಸಿ ಎಂದು ಹೇಳುತ್ತಾರೆ. ತುಪ್ಪವಾದರೆ ದೇವರ ದೀಪಕ್ಕೂ ಸಲ್ಲುತ್ತದೆ, ಕಲ್ಲಿಗೂ ಸಲ್ಲುತ್ತದೆ. ವಾದ ಮಾಡಿ ಗೆಲ್ಲಲಾರದ್ದನ್ನು ಕಸುಬಿನಿಂದ ಗೆದ್ದ ಜಾಣ್ಮೆಯಿದು. ಕಾಗದ ಮುಟ್ಟದವರ ಕೈಯಲ್ಲಿ ಕಾಗದ ಹಿಡಿಸಿದವನನ್ನು ಸುಧಾರಕರ ಸಾಲಿನಲ್ಲಿ ಸೇರಿಸುವವರು ಕಡಮೆ. ಆದರೆ ಸುಧಾರಕರ ಲೇಖನಗಳನ್ನು ಜನ ಮುಂದೆ ಓದುವಂತಾದದ್ದು ಇಂಥ ಕೈಗಳಿಂದ.

೧೮೪೦ರ ದಶಕದಲ್ಲಿ ಗಣಪತ ಕೃಷ್ಣಾಜಿಯ ದೃಷ್ಟಿ ಸೀಸದ ಮೊಳೆಗಳತ್ತ ತಿರುಗಿತು. ಅಕ್ಷರದ ಅಚ್ಚು ಕೊರೆದು ಮೊಳೆ ಎರಕ ಹೊಯ್ಯುವ ಕೆಲಸವನ್ನೂ ತನ್ನ ಅಚ್ಚುಕೂಟದಲ್ಲೇ ಮಾಡಿಸಿದ. ಅವನ ಅಚ್ಚಿನ ಅಂದಕ್ಕೆ ಮುಂಬಯಿಯಲ್ಲಿ ಹೆಸರಾಯಿತು. ೧೮೬೦ರ ಸುಮಾರಿಗೆ ಅವನು ತೀರಿಕೊಂಡ. ಆಮೇಲೆ ಅದೇ ಅಮೆರಿಕನ್ ಮಿಷನ್ನಿನ ಅಚ್ಚುಕೂಟದಲ್ಲಿ ಹುಡುಗನಾಗಿದ್ದಾಗ ಮೊಳೆ ಉಜ್ಜುವ ಕೆಲಸಕ್ಕಿದ್ದ ಜಾವಜಿ ದಾದಾಜಿಯವರು ೧೮೬೯ರಲ್ಲಿ ನಿರ್ಣಯಸಾಗರ ಮುದ್ರಣಾಲಯವನ್ನು ಕಟ್ಟಿದರು. ಆ ಮುದ್ರಣಾಲಯದ ಸಂಸ್ಕೃತ ಗ್ರಂಥಗಳನ್ನು ಬಲ್ಲ ಪಂಡಿತರಿಗೆ ಅದರ ಅಚ್ಚಿನ ಶುದ್ಧಿಯನ್ನು ನಾನು ಹೇಳಬೇಕಾಗಿಲ್ಲ.

ಈಗ ಕನ್ನಡದ ಪಾಲಿಗೆ ಬರುತ್ತೇನೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ನೆಲೆಯೂರಿದ್ದು ೧೮೩೪ರಲ್ಲಿ. ಶಾಲೆ ತೆರೆದರು; ಪುಸ್ತಕ ಬೇಕಾಯಿತು. ೧೮೪೧ರಲ್ಲಿ ಗಾಟ್‌ಫ್ರೀಡ್ ವೈಗ್ಲೆ ಎಂಬ ಪಾದ್ರಿಗಳು ಮುಂಬಯಿಯಿಂದ ಒಂದು ಕಲ್ಲಚ್ಚಿನ ಕೈಯಂತ್ರವನ್ನು ಮಂಗಳೂರಿಗೆ ತಂದರು. ಜೊತೆಗೆ ಇಬ್ಬರು ಮರಾಠಿ ಸಹಾಯಕರನ್ನೂ ಕರೆತಂದರು. ನಮ್ಮ ಊರಿನ ಹಳಿಗಳ ಮೇಲೆ ಮುಂಬಯಿ–ಠಾಣೆಯ ಮೊದಲ ರೈಲು ಓಡಿದ್ದು ೧೮೫೩ರ ಏಪ್ರಿಲ್ ೧೬ರಂದು. ಅದಕ್ಕೂ ಹನ್ನೆರಡು ವರ್ಷ ಹಿಂದಿನ ಮಾತಿದು. ಇಂದು ಠಾಣೆಯಲ್ಲಿ ಮತ್ಸ್ಯಗಂಧ ಗಾಡಿ ಹತ್ತಿ ಮರುದಿನ ಬೆಳಿಗ್ಗೆ ಮಂಗಳೂರಿನಲ್ಲಿ ಇಳಿಯುವ ನಮಗೆ ಆ ಭಾರದ ಪ್ರಯಾಣವನ್ನು ಊಹಿಸುವುದೂ ಕಷ್ಟ.

ಆ ಯಂತ್ರದಿಂದ ಮೊದಲು ಬಂದದ್ದು ಮಿಷನ್ನಿನ ಪುಸ್ತಕಗಳು. ೧೮೪೨ರಲ್ಲಿ ಮತ್ತಾಯನ ಸುವಾರ್ತೆಯ ತುಳು ಅನುವಾದವೂ ಬಂದಿತು. ೧೮೪೩ರ ಜುಲೈ ೧ರಂದು ಹರ್ಮನ್ ಮ್ಯೋಗ್ಲಿಂಗರ ಸಂಪಾದಕತ್ವದಲ್ಲಿ ‘ಮಂಗಳೂರ ಸಮಾಚಾರ’ ಹೊರಬಂದಿತು. ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ, ಬೆಲೆ ಒಂದು ದುಡ್ಡು. ಊರಿನ ಸುದ್ದಿ, ಸರಕಾರದ ನಿಯಮ, ದೇಶಾಂತರದ ವರ್ತಮಾನ, ಪುರಂದರದಾಸರ ಹಾಡು ಎಲ್ಲವೂ ಆ ನಾಲ್ಕು ಪುಟಗಳಲ್ಲಿ. ಅದರ ಹುಟ್ಟಿದ ದಿನವನ್ನೇ ಕರ್ನಾಟಕದಲ್ಲಿ ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಮುಂಬಯಿಯ ಗುಜರಾತಿ ಪತ್ರಿಕೆ ‘ಮುಂಬಯಿ ಸಮಾಚಾರ’ ಹುಟ್ಟಿದ್ದೂ ೧೮೨೨ರ ಜುಲೈ ೧ರಂದೇ ಎಂಬುದು ಒಂದು ಸೊಗಸಾದ ಯೋಗಾಯೋಗ. ೧೮೪೪ರಲ್ಲಿ ಪತ್ರಿಕೆ ಮೊಳೆಯಚ್ಚಿನ ಅನುಕೂಲವಿದ್ದ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು, ಬಹುಕಾಲ ಬಾಳಲಿಲ್ಲ. ಆದರೆ ಮಂಗಳೂರಿನ ಕಲ್ಲು ಸುಮ್ಮನೆ ಕೂರಲಿಲ್ಲ. ಕೇಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ಹಣದ ನೆರವಿನಿಂದ ೧೮೪೮ರಿಂದ ೧೮೫೩ರವರೆಗೆ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದ ಗ್ರಂಥಮಾಲೆಯನ್ನು ಮ್ಯೋಗ್ಲಿಂಗರು ಕಲ್ಲಚ್ಚಿನಲ್ಲೇ ಹೊರತಂದರು. ಓಲೆಗರಿಯಲ್ಲಿದ್ದ ನಮ್ಮ ಕಾವ್ಯಗಳು ಕಾಗದಕ್ಕೆ ಇಳಿದ ಹಾದಿಯಲ್ಲಿ ಆ ಕಲ್ಲೂ ಒಂದು ಮೆಟ್ಟಿಲು.

ಕನ್ನಡಕ್ಕೆ ಆಗ ಮೊಳೆಗಳೇ ಇರಲಿಲ್ಲವೇ ಎಂದು ಕೇಳಬಹುದು. ಇದ್ದುವು. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ ಬಂಗಾಳದ ಸೆರಾಂಪುರದಲ್ಲಿ ೧೮೧೭ರಲ್ಲಿಯೇ ಮೊಳೆಯಲ್ಲಿ ಅಚ್ಚಾಗಿತ್ತು. ಆದರೆ ಕನ್ನಡದ ಮೊಳೆ ಮಾಡುವುದೆಂದರೆ ಇಂಗ್ಲಿಷಿನಂತೆ ಇಪ್ಪತ್ತಾರು ಅಕ್ಷರಗಳ ಲೆಕ್ಕವಲ್ಲ. ಕಾಗುಣಿತ ಬೇಕು, ಒತ್ತಕ್ಷರ ಬೇಕು, ಕೆಳಗೆ ಇಳಿಯುವ ಒತ್ತಿಗೂ ಪಕ್ಕಕ್ಕೆ ಹೊರಳುವ ದೀರ್ಘಕ್ಕೂ ಜಾಗ ಬೇಕು. ನೂರಾರು ಮೊಳೆ ಕೊರೆಸಬೇಕು. ಕಲ್ಲಿಗೆ ಈ ತಾಪತ್ರಯವಿಲ್ಲ. ಕೈ ಏನು ಬರೆಯುತ್ತದೋ ಅದನ್ನೇ ಅದು ಒತ್ತಿಕೊಡುತ್ತದೆ. ತುಳುವಾದರೂ ಸೈ, ಮಲಯಾಳವಾದರೂ ಸೈ. ೧೮೪೭ರಲ್ಲಿ ತಲಶ್ಶೇರಿಯಲ್ಲಿ ಗುಂಡರ್ಟರು ಹೊರಡಿಸಿದ ಮಲಯಾಳದ ಮೊದಲ ಪತ್ರಿಕೆಯೂ ಕಲ್ಲಚ್ಚಿನದೇ. ಕಲ್ಲಿಗೆ ಬೇಕಾದದ್ದು ಒಂದೇ: ಬೇಸರವಿಲ್ಲದೆ, ನಡುಗದೆ, ಪುಟದ ಮೇಲೆ ಪುಟ ಬರೆಯುವ ಒಂದು ಕೈ.

೧೮೫೧ರಲ್ಲಿ ಪ್ಲೆಬ್ಸ್ಟ್ ಎಂಬ ಮುದ್ರಣ ತಜ್ಞರು ಮಂಗಳೂರಿಗೆ ಬಂದ ಮೇಲೆ ಅಲ್ಲಿಯೂ ಮೊಳೆಯಚ್ಚು ಬೇರೂರಿತು. ೧೮೯೪ರ ಕಿಟ್ಟೆಲ್ ನಿಘಂಟು ಆ ಮೊಳೆಗಳ ಯುಗದ ಹೆಮ್ಮೆ. ಕಲ್ಲು ಅಕ್ಷರದ ಕೆಲಸವನ್ನು ಮೊಳೆಗೆ ಬಿಟ್ಟುಕೊಟ್ಟು ಚಿತ್ರದ ಕೆಲಸಕ್ಕೆ ನಿಂತಿತು. ಅದೇ ೧೮೯೪ರಲ್ಲಿ ರಾಜಾ ರವಿವರ್ಮರು ಮುಂಬಯಿಯಲ್ಲಿ ಅಚ್ಚುಕೂಟ ತೆರೆದರು. ಆಮೇಲೆ ಅದು ಲೋಣಾವಳದ ಬಳಿಯ ಮಳವಲಿಗೆ ಹೋಯಿತು. ನಮ್ಮ ಅಜ್ಜಿಯರ ದೇವರ ಕೋಣೆಯಲ್ಲಿದ್ದ ಲಕ್ಷ್ಮಿ ಸರಸ್ವತಿಯರು ಬಣ್ಣಕ್ಕೊಂದು ಕಲ್ಲಿನಂತೆ ಹಲವು ಕಲ್ಲುಗಳ ಮೇಲಿನಿಂದ ಇಳಿದುಬಂದವರು. ಕಲ್ಯಾಣದಿಂದ ಪುಣೆಯ ಕಡೆ ಹೋಗುವವರು ಲೋಣಾವಳ ದಾಟಿದ ಮೇಲೆ ಮಳವಲಿ ಎಂಬ ಹಲಗೆ ಕಂಡರೆ ಇದನ್ನು ನೆನೆಯಬಹುದು. ಇಷ್ಟರಲ್ಲಿ ಫೋಟೋವನ್ನೇ ಚುಕ್ಕಿಚುಕ್ಕಿಯಾಗಿ ಲೋಹದ ತಗಡಿಗೆ ಇಳಿಸುವ ವಿದ್ಯೆ ಬಂದಿತು. ಇಂಗ್ಲೆಂಡಿನ ಮರ ಕೊರೆಯುವವರ ಕಸುಬು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮುಳುಗಿತು.

ಮೊಳೆಯ ಯುಗವೂ ಈಗ ಮುಗಿದಿದೆ. ನಮ್ಮ ಕಟ್ಟಡದಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ಮೂವತ್ತು ವರ್ಷ ಕನ್ನಡದ ಮೊಳೆ ಜೋಡಿಸಿದವರು, ಉಡುಪಿಯ ಕಡೆಯವರು. ಒಂದು ಸಂಜೆ ಈ ಲೇಖನದ ವಿಚಾರ ತೆಗೆದಾಗ ನಕ್ಕರು.

“ನಮಗೆ ಕನ್ನಡ ತಲೆಕೆಳಗಾಗಿಯೇ ಓದಲಿಕ್ಕೆ ಸಲೀಸು ಮಾರಾಯ. ಪೇಪರಿನಲ್ಲಿ ನೆಟ್ಟಗೆ ಕಂಡರೆ ಯಾರದೋ ಮನೆಯ ಮಗುವಿನ ಹಾಗೆ ಕಾಣ್ತಿತ್ತು” ಎಂದರು.

“ಮಾಮ, ನೀವು ಜೋಡಿಸಿದ ಪುಸ್ತಕಗಳಲ್ಲಿ ಎಲ್ಲಿಯಾದರೂ ನಿಮ್ಮ ಹೆಸರು ಅಚ್ಚಾಗಿದೆಯೇ?” ಎಂದು ಕೇಳಿದೆ.

“ಇದೆಯಲ್ಲ! ಸರಿಯಾಗಿ ಬಂದರೆ ಲೇಖಕರ ಹೆಸರು. ತಪ್ಪು ಬಂದರೆ ನಮ್ಮ ಹೆಸರು, ಮುದ್ರಾರಾಕ್ಷಸ!”

ಆ ಮಾತಿಗೆ ಇಬ್ಬರೂ ನಕ್ಕೆವು. ನಕ್ಕಾದ ಮೇಲೆ ಅದು ನನ್ನನ್ನು ಬಿಡಲಿಲ್ಲ. ಸರಕಾರಿ ಕಚೇರಿಯಲ್ಲಿ ಗುಮಾಸ್ತನಾದ ನನಗೆ ಈ ನ್ಯಾಯ ಹೊಸದಲ್ಲ. ಕಾಗದದ ಕರಡು ಬರೆಯುವವನು ಒಬ್ಬ, ಬೆರಳಚ್ಚು ಮಾಡುವವನು ಇನ್ನೊಬ್ಬ, ಕೆಳಗೆ ಬೀಳುವ ಸಹಿ ಮತ್ತೊಬ್ಬರದು. ಅದು ಆಡಳಿತದ ಕ್ರಮ. ಅದಕ್ಕೆ ನಾನು ದೂರುವುದಿಲ್ಲ. ಏಕೆಂದರೆ ನಮ್ಮ ಕಡತದ ಮೂಲೆಯಲ್ಲಾದರೂ ಗುಮಾಸ್ತನ ಚಿಕ್ಕ ಸಹಿಯೊಂದು ಇರುತ್ತದೆ, ಹುಡುಕಿದರೆ ಸಿಕ್ಕುತ್ತದೆ. ಮ್ಯೋಗ್ಲಿಂಗರ ಹೆಸರು ನಮ್ಮೆಲ್ಲರ ನಾಲಗೆಯ ಮೇಲಿದೆ, ಇರಬೇಕಾದದ್ದೇ. ಮುಂಬಯಿಯಿಂದ ಕಲ್ಲಚ್ಚಿನೊಡನೆ ಹೋದ ಆ ಇಬ್ಬರ ಹೆಸರು ನಮ್ಮಲ್ಲಿ ಯಾರ ನಾಲಗೆಯ ಮೇಲಿದೆ? ಅವರ ಮಾತು ಮರಾಠಿ. ಅವರ ಕಸುಬು ಕನ್ನಡಕ್ಕೆ ನೆರವಾಯಿತು. ಗಡಿಯ ಜಗಳದ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಇತ್ತ ಮರಾಠಿ ನೆರೆಯವರ ಮುಖವನ್ನೂ ಅತ್ತ ಊರಿನವರ ಮುಖವನ್ನೂ ನೋಡುತ್ತ ನಡುವೆ ನಿಲ್ಲುವ ನಮ್ಮಂಥವರಿಗೆ ಇದು ತಿಳಿದಿರಬೇಕಾದ ಸಂಗತಿ. ಕನ್ನಡ ಪತ್ರಿಕೋದ್ಯಮದ ಅಡಿಗಲ್ಲು ಎನ್ನುತ್ತೇವಲ್ಲ, ಆ ಕಲ್ಲಚ್ಚು ಮುಂಬಯಿಯಿಂದ ಹೋದದ್ದು. ಅದನ್ನು ನಡೆಸಬಲ್ಲ ಕೈಗಳೂ ಇಲ್ಲಿಂದಲೇ ಹೋದವು. ಇದನ್ನು ನೆರೆಮನೆಯವರಿಗೆ ಹೇಳಲು ನಮಗೆ ಸಂಕೋಚವೇಕೆ? ನಾನು ಕಚೇರಿಯ ಮರಾಠಿ ಗೆಳೆಯರೊಬ್ಬರಿಗೆ ಹೇಳಿದೆ. ಅವರಿಗೆ ಗಣಪತ ಕೃಷ್ಣಾಜಿಯ ಹೆಸರು ಗೊತ್ತಿತ್ತು, ಮಂಗಳೂರಿನ ಸಂಬಂಧ ಗೊತ್ತಿರಲಿಲ್ಲ. ಅಂದು ಚಹದ ಹಣವನ್ನು ಅವರೇ ಕೊಟ್ಟರು.

ಕೊನೆಯಲ್ಲಿ ವಾಚಕರಲ್ಲಿ ಎರಡು ಬಿನ್ನಹ. ಊರಿನ ಮನೆಯ ಅಟ್ಟದಲ್ಲೋ ಇಲ್ಲಿಯ ಟ್ರಂಕಿನಲ್ಲೋ ಅಜ್ಜನ ಕಾಲದ ಪಂಚಾಂಗ, ಹಾಡಿನ ಪುಸ್ತಕ, ಪುರಾಣ ಇದ್ದರೆ ರದ್ದಿಯವನಿಗೆ ಹಾಕುವ ಮುನ್ನ ಒಂದು ಪುಟವನ್ನು ಬೆಳಕಿಗೆ ಹಿಡಿದು ನೋಡಿರಿ. ಒಂದೇ ಪುಟದಲ್ಲಿ ಹತ್ತು ಕಡೆ ಬರುವ ‘ಕ’ ಹತ್ತೂ ಕಡೆ ಕೂದಲಷ್ಟು ಬೇರೆಬೇರೆಯಾಗಿದ್ದರೆ, ಸಾಲಿನ ಕೊನೆಯಲ್ಲಿ ಜಾಗ ಸಾಲದೆ ಅಕ್ಷರಗಳು ತುಸು ಒತ್ತಿಕೊಂಡು ಕೂತಿದ್ದರೆ, ಅದು ಕಲ್ಲಚ್ಚಿನದಿರಬಹುದು. ಮೊಳೆಯ ‘ಕ’ ಎಲ್ಲ ಕಡೆಯೂ ಒಂದೇ. ಕೈಯ ‘ಕ’ ಹಾಗಲ್ಲ. ಅಂಥದು ಸಿಕ್ಕಿದರೆ ತೇವ ತಾಗದಂತೆ ಬಟ್ಟೆಯಲ್ಲಿ ಸುತ್ತಿಡಿರಿ, ಇಲ್ಲವೇ ಒಳ್ಳೆಯ ಪು್ಸ್ತಕಾಲಯಕ್ಕೆ ಕೊಡಿರಿ. ಯಾರೋ ಒಬ್ಬನ ಕೈಬರಹ ಅದರಲ್ಲಿದೆ. ಅವನ ಸಹಿ ಅದೊಂದೇ.

ಎರಡನೆಯದು ಸಂಪಾದಕರಿಗೆ. ಈ ಪತ್ರಿಕೆಯ ಪುಟಗಳನ್ನು ಗಣಕಯಂತ್ರದಲ್ಲಿ ಅಕ್ಷರ ಜೋಡಿಸಿ, ನಮ್ಮ ಗೀಚು ಬರಹವನ್ನು ತಿದ್ದಿ, ರಾತ್ರಿ ಕೂತು ಅಣಿಮಾಡುವವರ ಹೆಸರನ್ನು ಮುಂದಿನ ಸಂಚಿಕೆಯಿಂದ ಕೊನೆಯ ಪುಟದ ಅಡಿಯಲ್ಲಿ ಒಂದು ಸಾಲು ಹಾಕಬಾರದೇ? ಖರ್ಚೇನೂ ಇಲ್ಲ. ಅಷ್ಟು ಜಾಗ ಸಾಲದಿದ್ದರೆ ನನ್ನ ಅಂಕಣದಲ್ಲಿ ಒಂದು ಸಾಲನ್ನು ಕಡಮೆ ಮಾಡಿದರೂ ನನ್ನ ಅಭ್ಯಂತರವಿಲ್ಲ.